ರಕ್ತ ಕೊಟ್ಟವರ ನಾಡಿ ಎಣಿಸಿದ್ದು

ನಾಚಿಕೆಗೇಡಿನ ಪ್ರಸಂಗಗಳು ನನ್ನನ್ನು ಹುಡುಕಿಕೊಂಡೇ ಬರುತ್ತವೆ. ಮುಂಬಯಿಯ ಒಂದು ಮೆಡಿಕಲ್ ಕಾಲೇಜಿನಲ್ಲಿ ನಾನು ಹದಿನಾರು ವರ್ಷದಿಂದ ಟೆಕ್ನಿಷಿಯನ್. ಈ ಸಲ ವಡಾಲದ ರಕ್ತದಾನ ಶಿಬಿರದಲ್ಲಿ ನಮ್ಮ ಪ್ರೊಫೆಸರ್, ಮೈಸೂರಿನವರು, ಒಂದು ಸಂಶೋಧನೆ ಇಟ್ಟುಕೊಂಡಿದ್ದರು. ರಕ್ತ ಹೋದ ಮೇಲೆ ದೇಹ ಅದನ್ನು ಹೇಗೆ ಸರಿದೂಗಿಸುತ್ತದೆ ಎಂದು ನೋಡಬೇಕು. ರಕ್ತ ಕೊಟ್ಟವರನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನಾಡಿ ಎಣಿಸುವುದು ನನ್ನ ಕೆಲಸ. "ಸರಿಯಾಗಿ ಮಾಡಿದ್ರೆ ಪ್ರಬಂಧದಲ್ಲಿ ನಿಮ್ಮ ಹೆಸರೂ ಹಾಕ್ತೀನಿ ಕಣ್ರೀ" ಎಂದಿದ್ದರು. ಹೆಂಡತಿಗೆ ಹೇಳಿದೆ. ಅವಳು ಇಡೀ ಬಿಲ್ಡಿಂಗಿಗೆ ಹೇಳಿದಳು.

೧. ಪಾಠ

ಮೊದಲು ಬಂದವರು ವಿಜಯಪುರ ಕಡೆಯ, ಗಾರೆ ಕೆಲಸದ ಗೌಂಡಿ. ವಿದ್ಯಾರ್ಥಿಗಳು ಸುತ್ತ ನಿಂತಿದ್ದರಿಂದ ನನಗೆ ಹುರುಪು. ರಕ್ತನಾಳ, ನರ, ಒತ್ತಡ ಎಂದು ಹತ್ತು ನಿಮಿಷ ಕೊರೆದೆ.

ಅವರು ತಾಳ್ಮೆಯಿಂದ ಕೇಳಿ, "ಅಂದ್ರ, ನಾಕು ಮಂದ್ಯಾಗ ಒಬ್ಬಾಂವ ಕೆಲಸಕ್ಕ ಬರಲಿಲ್ಲಂದ್ರ ಉಳದವ್ರು ಓಡ್ಯಾಡಿ ಸಂಭಾಳಸ್ತಾರಲ್ರೀ, ಹಂಗ?" ಎಂದರು.

ಹಾಗೇ. ಅಲ್ಲಿಯವರೆಗೆ ಕೈಕಟ್ಟಿ ನಿಂತಿದ್ದ ವಿದ್ಯಾರ್ಥಿಗಳು ಆಗ ಪೆನ್ನು ತೆಗೆದರು.

೨. ಮೂರ್ಛೆ

ಗ್ರಾಂಟ್ ರೋಡಿನ ಉಡುಪಿ ಹೋಟೆಲಿನ ಸಪ್ಲಾಯರ್ ಒಬ್ಬರನ್ನು ರಕ್ತ ಕೊಟ್ಟ ಮೇಲೆ ಫ್ಯಾನಿನ ಕೆಳಗೆ ಮಲಗಿಸಿದ್ದೆ. ಕರೆದರೆ ಓಗೊಡಲಿಲ್ಲ. "ಮೂರ್ಛೆ!" ಎಂದು ಕೂಗಿ, ಅವರ ಕಾಲು ಎತ್ತಿ ಹಿಡಿದು, ಮುಖಕ್ಕೆ ನೀರು ಚಿಮುಕಿಸಿದೆ. ಇಡೀ ಶಿಬಿರ ಓಡಿ ಬಂತು.

ಅವರು ಕಣ್ಣುಬಿಟ್ಟು, "ಎಂಥದು ಮಾರಾಯ್ರೆ! ರಕ್ತ ತಗೊಂಡದ್ದು ಸಾಕಾಗ್ಲಿಲ್ವಾ, ನಿದ್ದೆಯೂ ಬೇಕಾ?" ಎಂದರು.

೩. ಏರಿದ ನಾಡಿ

ಅವತ್ತು ಬೆಳಿಗ್ಗೆ ತೆಂಗಿನಕಾಯಿ ತುರಿಯುವಾಗ ಬಲಗೈಯ, ನಾಡಿ ಹಿಡಿಯುವ ಎರಡು ಬೆರಳು ಕೊಯ್ದುಕೊಂಡು ಪಟ್ಟಿ ಕಟ್ಟಿದ್ದೆ. ಎಡಗೈಯಲ್ಲಿ ಸ್ಟಾಪ್‌ವಾಚ್. ಹಾಗಾಗಿ ಎಲ್ಲರ ನಾಡಿಯನ್ನೂ ಹೆಬ್ಬೆರಳಲ್ಲೇ ಎಣಿಸಿದೆ. ಹೆಬ್ಬೆರಳಿಗೆ ತನ್ನದೇ ನಾಡಿ ಇರುತ್ತದೆ, ಎಣಿಸಿದವನದ್ದೇ ಲೆಕ್ಕಕ್ಕೆ ಬಂದುಬಿಡುತ್ತದೆ. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಇದನ್ನು ಹೇಳಿಕೊಡುವವನೇ ನಾನು!

ಸರ್ ನನ್ನ ಹಾಳೆ ನೋಡಿ ಹಿಗ್ಗಿದರು. "ನೋಡ್ರೀ, ಮಲಗಿದಾಗ ಶಾಂತ. ನಿಂತ ಕೂಡಲೇ ಏರುತ್ತೆ!"

ಜನರನ್ನು ನಿಲ್ಲಿಸುವ ಹೊತ್ತಿಗೆ ಸರಿಯಾಗಿ ಸರ್ ಬಂದು ನನ್ನ ಹೆಗಲ ಹಿಂದೆ ನಿಲ್ಲುತ್ತಿದ್ದರು. ಅವರು ಹತ್ತಿರ ಬಂದರೆ ನನಗೆ ಮೊದಲಿನಿಂದಲೂ ಎದೆ ಡವಡವ.

ಕೊನೆಯವರ ಬಲಗೈ ನಾನು ಹಿಡಿದೆ, ಖುಷಿಯಲ್ಲಿ ಎಡಗೈ ಸರ್ ಹಿಡಿದರು. ಅವರು "ಎಪ್ಪತ್ತೆಂಟು" ಎಂದರು. ನಾನು "ನೂರಾ ಹದಿನಾಲ್ಕು" ಎಂದೆ.

"ಇವರಿಗೇನು ಎರಡು ಹೃದಯಾನಾ?" ಎನ್ನುತ್ತಾ ಸರ್ ಬಗ್ಗಿ ನನ್ನ ಹೆಬ್ಬೆರಳು ನೋಡಿದರು. "ಎಷ್ಟು ಜನರದ್ದು ಹೀಗೆ ಎಣಿಸಿದ್ರಿ?"

"ಎಲ್ಲರದ್ದೂ ಸರ್."

ನೆಲ ಬಾಯಿಬಿಡಬಾರದೇ ಅನ್ನಿಸಿತು. ಸರ್ ಹಾಳೆಗಳನ್ನೆಲ್ಲ ಹರಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು: "ರಕ್ತ ಕೊಟ್ಟೋರು ಅವರು, ಸರಿದೂಗಿಸಿದ್ದು ನೀವು. ಹೆಸರಂತೂ ಹಾಕೋಕಾಗಲ್ಲ ಕಣ್ರೀ. ಹೋಗಿ, ಅವರಿಗೆ ಕೊಡೋ ಬಿಸ್ಕತ್ತು, ಜ್ಯೂಸ್ ಆದ್ರೂ ತಗೊಳ್ಳಿ!"