ಸೋಮಲಿಂಗನ ಮುಖದ ಎಣ್ಣೆ

ಒಂದೇ ಥರದ ಎರಡು ಬಾಟಲಿಗಳು ಒಂದೇ ಗೂಡಿನಲ್ಲಿ ಇದ್ದದ್ದರಿಂದ ಸೋಮಲಿಂಗನ ಆ ದಿನ ಕೆಡಲಿಕ್ಕೆ ಶುರುವಾಯಿತು.

ಬೆರಳುದ್ದದ ಬಾಟಲಿ, ಮುಚ್ಚಳಕ್ಕೆ ಹನಿ ಬಿಡುವ ರಬ್ಬರಿನ ನಳಿಕೆ. ಒಂದರಲ್ಲಿ ಬಾಗಲಕೋಟೆಯ ಚರ್ಮದ ಡಾಕ್ಟರು ಬರೆದುಕೊಟ್ಟ ನಯಾಸಿನಮೈಡ್ ಸೀರಮ್ ಇತ್ತು. ಎರಡು ತಿಂಗಳ ಹಿಂದೆ ಸೋಮಲಿಂಗ ಅವರ ಮುಂದೆ ಕೂತಾಗ ಡಾಕ್ಟರು ಅವನ ಹಣೆಗೆ ಒಂದು ಕಾಗದ ಒತ್ತಿ, ಅದನ್ನು ಬೆಳಕಿಗೆ ಹಿಡಿದಿದ್ದರು. ಮಿರ್ಚಿ ಭಜಿ ಕಟ್ಟಿದ ಪೇಪರಿನಂತೆ ಆಚೆ ಕಡೆಯ ಕಿಟಕಿ ಅದರೊಳಗಿಂದ ಕಂಡಿತ್ತು.

"ಮುಂಜಾನೆ ಎರಡ ಹನಿ, ಸಂಜಿಗೆ ಎರಡ ಹನಿ," ಎಂದಿದ್ದರು ಡಾಕ್ಟರು. "ಇದೂ ಒಂದು ನಮೂನಿ ವಿಟಮಿನ್ನ. ಎಣ್ಣಿ ಕಡಿಮಿ ಆಗ್ತೈತಿ, ಮೊಡವಿ ಕೆಂಪು ಇಳೀತೈತಿ. ಆದ್ರ ಎಂಟ ವಾರ ತಡೀಬೇಕು. ಭಾಳ ಹಚ್ಚಿದ್ರ ಲಗೂನ ಆಗೂದಿಲ್ಲ. ಮತ್ತ ಮಂದಿ ಹೇಳಿದ್ದೆಲ್ಲಾ ಅದರ ಮ್ಯಾಲ ಬಳೀಬ್ಯಾಡ್ರಿ."

ಸೋಮಲಿಂಗ ತಡೆದಿದ್ದ. ಇಳಕಲ್ಲಿನ ಸೀರೆ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ಮಡಚುವುದು ಅವನ ಕೆಲಸ. ವಯಸ್ಸು ಇಪ್ಪತ್ತೊಂಬತ್ತು. ಹುನಗುಂದದ್ದೂ ಸೇರಿ ಮೂರು ಮನೆಯವರು ಅವನ ಮುಖ ನೋಡಿ ಜಾತಕ ಕೂಡಲಿಲ್ಲ ಎಂದಿದ್ದರು. ಜಾತಕ ಕೊಟ್ಟಿದ್ದು ಒಂದೇ ಮನೆಗೆ! ಹುನಗುಂದದವರು ಬೇಡ ಅಂದ ದಿನ ಅವನ ತಾಯಿ ರತ್ನವ್ವ ಊಟ ಬಿಟ್ಟಿದ್ದಳು.

ಮೊದಲನೆಯ ಬಾಟಲಿ ಮುಗಿಯುವ ಹೊತ್ತಿಗೆ ಹಣೆ ಸ್ವಲ್ಪ ತಿಳಿಯಾಗಿತ್ತು. ಖಾಲಿ ಬಾಟಲಿಯನ್ನು ತಂಗಿ ಚೇತನಾ ತೊಳೆದು ತನ್ನ ಹೊಲಿಗೆ ಮಷಿನ್ನಿನ ಎಣ್ಣೆ ತುಂಬಿ ಇಟ್ಟುಕೊಂಡಳು. ಮಷಿನ್ನಿನ ಸಂದಿಗಳಿಗೆ ಹನಿ ಬಿಡಲು ಆ ನಳಿಕೆಯಷ್ಟು ಅನುಕೂಲ ಬೇರೆ ಇರಲಿಲ್ಲ. ಎರಡನೆಯ ಬಾಟಲಿ ಬಂದಾಗ ಅದೂ ಅದೇ ಗೂಡಿಗೆ ಹೋಯಿತು.

ಇಷ್ಟಾದ ಮೇಲೆ ಎರಡು ಸಾವಿರದ ಒಂಬತ್ತನೆಯ ಇಸವಿಯ ಆ ರವಿವಾರ, ಬಾದಾಮಿಯಲ್ಲಿ ಕನ್ಯಾ ನೋಡುವ ದಿನ, ಬೆಳಗಿನ ಆರು ಗಂಟೆಗೆ ಕರೆಂಟು ಹೋಯಿತು.

ಸೋಮಲಿಂಗ ಕತ್ತಲಲ್ಲೇ ಗೂಡಿಗೆ ಕೈ ಹಾಕಿದ. ಎರಡು ಹನಿ ಹಚ್ಚಿದ. ಇವತ್ತು ದಿನ ದೊಡ್ಡದು ಎಂದು ಇನ್ನೆರಡು ಹಚ್ಚಿದ. ಗದ್ದಕ್ಕೆ ಬೇರೆ ಎರಡು, ಮೂಗಿಗೆ ಬೇರೆ ಎರಡು. ಎಂದಿನಂತೆ ಅದು ಚರ್ಮದೊಳಗೆ ಇಳಿಯಲಿಲ್ಲ. ತಿಕ್ಕಿದಷ್ಟೂ ಜಾರತೊಡಗಿತು. ಅಷ್ಟರಲ್ಲಿ ಕರೆಂಟು ಬಂತು. ಕನ್ನಡಿಯಲ್ಲಿ ಅವನ ಮುಖ ಈಗಷ್ಟೇ ಒಲೆಯಿಂದ ಇಳಿಸಿದ ಎಣ್ಣೆಗಾಯಿ ಬದನೆಯಂತೆ ಮಿರಿಮಿರಿ ಮಿಂಚುತ್ತಿತ್ತು.

ಒಳಗಿನಿಂದ ಚೇತನಾ ಕೂಗಿದಳು. "ಅಣ್ಣಾ, ನನ್ನ ಮಷಿನ್ ಎಣ್ಣಿ ಬಾಟ್ಲಿ ನೋಡಿಯೇನು? ಇದ್ರಾಗಿಂದು ನೀರ ನೀರ ಐತಿ, ಮಷಿನ್ ಕಿರ್ ಅನ್ನಾಕತ್ತೈತಿ!"

ಸೋಮಲಿಂಗ ಕೈಯಲ್ಲಿದ್ದ ಬಾಟಲಿಯನ್ನು ಮೂಸಿ ನೋಡಿದ. 

"ಅವ್ವಾ, ನನ್ನ ಸೀರಮ್ ಮಷಿನ್ನಿಗೆ ಹೋತು. ಮಷಿನ್ ಎಣ್ಣಿ ನನ್ನ ಮುಖಕ್ಕ ಬಂತು!"

ರತ್ನವ್ವ ಮಗನ ಗದ್ದ ಹಿಡಿದು ನೋಡಿದಳು, ಹಿಡಿದ ಬೆರಳು ಜಾರಿತು. "ಅಯ್ಯ ಶಿವನ! ಇವತ್ತ ಆಗಬೇಕಿತ್ತೇನಪಾ ಇದು?" ಎಂದು ಒಂದು ಬೊಗಸೆ ಕಡಲೆ ಹಿಟ್ಟು ತಂದಳು. ಸಬಕಾರ ಆಯಿತು, ಕಡಲೆ ಹಿಟ್ಟಾಯಿತು, ಮತ್ತೆ ಸಬಕಾರ ಆಯಿತು. ಹಿಟ್ಟು ಅರ್ಧ ಹೋಯಿತು, ಅರ್ಧ ಹುಬ್ಬಿನಲ್ಲಿ ಉಳಿಯಿತು. ಎಣ್ಣೆ ಮಾತ್ರ ಇದ್ದಲ್ಲೇ ಇತ್ತು.

ಗದ್ದಲ ಕೇಳಿ ಪಕ್ಕದ ಮನೆಯ ಹಜರತಬಿ ಗೋಡೆಯ ಮೇಲಿಂದ ಇಣುಕಿದಳು. "ಏನಾತ ರತ್ನಕ್ಕಾ?"

"ಡಾಕ್ಟರ್ ಕೊಟ್ಟಿದ್ದ ಸೀರಮ್ ಬಿಟ್ಟು ಮತ್ತೇನೋ ಹಚ್ಕೊಂಡಾನವ್ವಾ."

"ಸೀರಮ್ ಅಂದ್ರ? ಸೀರಿಗೆ ಹಚ್ಚೂದೇನು?"

"ಮುಖಕ್ಕರೀ, ಮುಖಕ್ಕ!" ಎಂದು ಸೋಮಲಿಂಗ ಬಚ್ಚಲಿನಿಂದ ಚೀರಿದ.

"ಹಂಗಾದ್ರ ಲಿಂಬಿಹಣ್ಣು ತಿಕ್ಕೋ ಬೇಟಾ. ನಾ ದಿನಾ ಎಣ್ಣಿ ಬಾಣಲಿ ಅದರಿಂದನ ತಿಕ್ಕತೇನಿ, ಕನ್ನಡಿ ಆಗ್ತೈತಿ," ಎಂದವಳು ಕ್ಷಣದಲ್ಲಿ ನಿಂಬೆ ಹೋಳಿನೊಂದಿಗೆ ಬಂದೇಬಿಟ್ಟಳು. ಡಾಕ್ಟರ ಮಾತು ಸೋಮಲಿಂಗನಿಗೆ ನೆನಪಿತ್ತು. ಆದರೆ ಗಡಿಯಾರ ಏಳೂವರೆ ತೋರಿಸುತ್ತಿತ್ತು, ಬಸ್ಸು ಎಂಟಕ್ಕೆ. ಕಣ್ಣು ಮುಚ್ಚಿ ಮುಖ ಕೊಟ್ಟ. ಒಂದೊಂದು ಮೊಡವೆಗೂ ಒಂದೊಂದು ಕೆಂಡ ಇಟ್ಟಂತಾಯಿತು. ಅವನು ಹಾಕಿದ ಕೂಗಿಗೆ ಎದುರು ಮನೆಯ ಸಿದ್ದಲಿಂಗವ್ವ ಕೈಯಲ್ಲಿದ್ದ ಹಲ್ಲಿನ ಪೇಸ್ಟಿನೊಂದಿಗೇ ಓಡಿ ಬಂದಳು.

"ಉರಿಯಾಕತ್ತೈತೇನು? ಪೇಸ್ಟ್ ಹಚ್ಚು, ತಂಪ್ ಆಗ್ತೈತಿ!" ಅವನು ಬೇಡವೆನ್ನುವ ಮೊದಲೇ ಮೂರು ಕಡೆ ಹಚ್ಚಿಯೂ ಆಯಿತು.

ಇಪ್ಪತ್ತು ನಿಮಿಷದ ನಂತರ ಸೋಮಲಿಂಗ ಇಸ್ತ್ರಿ ಅಂಗಿ ತೊಟ್ಟು, ಟೊಮೆಟೊದಂಥ ಮುಖ ಹೊತ್ತು ತಾಯಿಯ ಹಿಂದೆ ಬಸ್ಸು ಹತ್ತಿದ. ಸಿಕ್ಕಿದ್ದು ಕಿಟಕಿಯ ಸೀಟು. ಆ ಕಿಟಕಿಗೆ ಗಾಜು ಇರಲಿಲ್ಲ. ಹುನಗುಂದ ದಾಟುತ್ತಲೇ ರಸ್ತೆ ಅಗೆದಿದ್ದರು. ಬಸ್ಸಿನೊಳಗೆ ಬಂದ ಕೆಂಪು ಧೂಳೆಲ್ಲ ಬೇರೆಯವರನ್ನು ಬಿಟ್ಟು ಇವನ ಮುಖವನ್ನೇ ಹುಡುಕಿ ಕೂತಿತು. ಒರೆಸಿದರೆ ಕೆಸರಾಗುತ್ತಿತ್ತು, ಬಿಟ್ಟರೆ ಹೆಂಟೆ ಕಟ್ಟುತ್ತಿತ್ತು.

ಅಮೀನಗಡದಲ್ಲಿ ಪಕ್ಕಕ್ಕೆ ಕೂತ ಹಿರಿಯರೊಬ್ಬರು ಒಂದೆರಡು ಸಲ ಮೂಗು ಎಳೆದು ಕೇಳಿದರು, "ಗ್ಯಾರೇಜಿನ್ಯಾಗ ಕೆಲಸೇನ್ರಿ?"

"ಅಲ್ಲರಿ. ಸೀರಿ ಅಂಗಡ್ಯಾಗ."

"ಹಂಗೇನು? ಟ್ರ್ಯಾಕ್ಟರ್ ರಿಪೇರಿ ಮಾಡ್ತೀರಿ ಅಂದ್ಕೊಂಡೆ. ನಮ್ಮದೊಂದು ನಿಂತೈತಿ."

ಸೋಮಲಿಂಗ ಕಣ್ಣು ಮುಚ್ಚಿದ. ನಾಲ್ಕನೆಯ ಮನೆಯವರು ಏನು ನೆಪ ಹೇಳಬಹುದು ಎಂದು ಅವನು ಆಗಲೇ ಯೋಚಿಸತೊಡಗಿದ್ದ. ವಾಪಸು ಹೋಗೋಣ ಎಂದು ತಾಯಿಗೆ ಎರಡು ಸಲ ಹೇಳಿದ. ಅವಳು ಎರಡೂ ಸಲ, "ಗಂಡಸಿನ ಮುಖಾ ಯಾರ ನೋಡ್ತಾರ ಸುಮ್ಕಿರು," ಎಂದಳು. ಮೂರು ಮನೆಯವರು ನೋಡಿದ್ದಾರಲ್ಲ ಎಂದುಕೊಂಡು ಅವನು ಮತ್ತೆ ಮುಖ ಒರೆಸಿದ.

ಬಾದಾಮಿ ಬಸ್‌ಸ್ಟ್ಯಾಂಡಿನ ನಳದ ಕೆಳಗೆ ತಲೆಯಿಟ್ಟು ತೊಳೆದುಕೊಂಡ. ಧೂಳು ಹೋಯಿತು. ಕೆಂಪು ಉಳಿಯಿತು, ಹೊಳಪು ಉಳಿಯಿತು, ವಾಸನೆಯೂ ಉಳಿಯಿತು.

ಹುಡುಗಿಯ ತಂದೆ ಬಾಬಣ್ಣ ಸ್ಟೇಶನ್ ರಸ್ತೆಯಲ್ಲಿ ಕುಪ್ಪಸದ ಖಣದ ಅಂಗಡಿ ಇಟ್ಟಿದ್ದ ಒಳ್ಳೆಯ ಮನುಷ್ಯ. ಬಾಗಿಲಲ್ಲಿ ಸೋಮಲಿಂಗನನ್ನು ಕಂಡು ಒಂದು ಗಳಿಗೆ ನಿಂತು, "ಬಿಸಲು ಭಾಳ ಬಡದೈತಿ ತಮಗ. ಬರ್ರಿ, ನೀರ ತಗೋರಿ," ಎಂದು ಮರ್ಯಾದೆಯಿಂದ ಒಳಗೆ ಕರೆದ. ಮಂಡಕ್ಕಿಯ ಸೂಸಲಾ, ಮಿರ್ಚಿ ಬಂದವು. ಸೋಮಲಿಂಗ ಮಿರ್ಚಿಯ ಎಣ್ಣೆ ನೋಡಿ ತಟ್ಟೆಯನ್ನು ಮೆಲ್ಲಗೆ ದೂರ ಸರಿಸಿದ.

ಹುಡುಗಿ ಶ್ರುತಿ ಚಹಾ ತಂದಳು. ರತ್ನವ್ವನ ಕಾಲಿಗೆ ನಮಸ್ಕರಿಸಿದಳು. ಸೋಮಲಿಂಗ ತಲೆ ಎತ್ತಲಿಲ್ಲ. ಎತ್ತಿದರೆ ಕಿಟಕಿಯ ಬೆಳಕು ಮುಖಕ್ಕೆ ಬೀಳುತ್ತಿತ್ತು. ಆಗ ಶ್ರುತಿಯೇ ತಂದೆಗೆ ಹೇಳಿದಳು, "ಅಪ್ಪಾ, ನಾ ಇವರ ಕೂಡ ಒಂದೆರಡು ಮಾತಾಡಬೇಕ್ರಿ."

ಹಿತ್ತಲಲ್ಲಿ ಬೇವಿನ ಗಿಡದ ಕೆಳಗೆ ಇಬ್ಬರೂ ನಿಂತರು. ಬೇಡವೆನ್ನಲು ಕರೆದಿದ್ದಾಳೆ, ಕನಿಷ್ಠ ಎದುರಿಗೇ ಹೇಳುತ್ತಾಳಲ್ಲ ಎಂದು ಸೋಮಲಿಂಗ ಮನಸ್ಸು ಗಟ್ಟಿ ಮಾಡಿದ.

"ನಿಮ್ಮ ಫೋಟೋ ನೋಡೇ ನಿಮ್ಮನ್ನ ಕರಸ್ರಿ ಅಂದೆ ನಾ," ಎಂದಳು ಶ್ರುತಿ.

"ಆ ಫೋಟೋದಾಗ ಮೊಡವಿ ಕಾಣ್ತಿದ್ವಲ್ಲರಿ."

"ಅದಕ್ಕ ಅಂದೆ. ಬ್ಯಾರೆಯವರೆಲ್ಲಾ ಸ್ಟುಡಿಯೋದಾಗ ತೆಗಸಿ, ಬೆಳ್ಳಗ ಮಾಡಿಸಿ ಕಳಸ್ತಾರ. ನೀವು ಇದ್ದಂಗ ಕಳಸಿದ್ರಿ. ಇಂವಾ ಸುಳ್ಳ ಹೇಳೂ ಮನಷ್ಯಾ ಅಲ್ಲ ಅನಸ್ತು."

ಸೋಮಲಿಂಗ ಒದ್ದಾಡಿದ. ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಸುಳ್ಳು ಹೇಳದವನು ಎಂದವಳ ಮುಂದೆ ಸುಳ್ಳಾಗಿ ನಿಲ್ಲುವುದು ಹೇಗೆ? "ಖರೆ ಹೇಳ್ತೇನ್ರಿ. ನಾನೂ ತೆಗಸಬೇಕಂತ ಇದ್ದೆ. ಆ ಹೊತ್ತಿಗೆ ಸ್ಟುಡಿಯೋದಾಗ ಕಂಪ್ಯೂಟರ್ ಕೆಟ್ಟಿತ್ತು."

ಶ್ರುತಿ ನಕ್ಕಳು. ಆ ನಗು ನೋಡಿ ಧೈರ್ಯ ಬಂದು ಅವನು ಡಾಕ್ಟರು, ಸೀರಮ್, ಮಷಿನ್ ಎಣ್ಣೆ, ನಿಂಬೆಹಣ್ಣು, ಪೇಸ್ಟು, ಟ್ರ್ಯಾಕ್ಟರಿನ ಹಿರಿಯರು, ಎಲ್ಲವನ್ನೂ ಹೇಳಿಬಿಟ್ಟ. ಅವಳು ಬೇವಿನ ಗಿಡ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣೀರು ಬಂದು, ಸೆರಗಿನಿಂದ ಒರೆಸಿಕೊಂಡಾಗ ಕೆನ್ನೆಯ ಪೌಡರ್ ಹೋಯಿತು. ಅದರ ಕೆಳಗೆ ಸಾಲು ಸಾಲು ಕೆಂಪು ಮೊಡವೆಗಳು.

ಅವಳು ಕೆನ್ನೆ ಮುಚ್ಚಿಕೊಂಡಳು. "ನಂದೂ ಎಣ್ಣಿ ಮುಖಾರಿ. ಇಬ್ಬರು ನೋಡಿ ಹೋಗ್ಯಾರ."

"ನನ್ನ ಮೂರ ಮಂದಿ," ಎಂದ ಸೋಮಲಿಂಗ, ಯಾವುದೋ ಪಂದ್ಯದಲ್ಲಿ ಗೆದ್ದವನಂತೆ.

ಬಸ್ ಟಿಕೀಟಿನ ಹಿಂದೆ ಸೀರಮ್ಮಿನ ಹೆಸರು ಬರೆದುಕೊಟ್ಟ. "ಎರಡ ಹನಿ ಸಾಕರಿ, ಎಂಟ ವಾರ ತಡೀಬೇಕು. ಮತ್ತ ಲಿಂಬಿಹಣ್ಣು ಬ್ಯಾಡ್ರಿ."

"ಮುಂದ ನಿಮ್ಮ ಮುಖಾ ಪೂರ್ತಾ ತಿಳಿ ಆದ್ರ ಬ್ಯಾರೆ ಹುಡುಗಿನ್ನ ನೋಡಾಕ ಹೋಗ್ತೀರೇನು?"

"ಇಲ್ಲರಿ. ಈ ಮುಖಾನ ಒಪ್ಪಿದವರು ಸಿಕ್ಕಾರಲ್ಲ, ಇನ್ನ ತಿಳಿ ಆದ್ರೂ ಅಷ್ಟ, ಬಿಟ್ರೂ ಅಷ್ಟ."

ಶ್ರುತಿ ಟಿಕೀಟು ಮಡಚಿ ಮುಷ್ಟಿಯಲ್ಲಿ ಹಿಡಿದಳು. "ಹಂಗಾದ್ರ ಅಪ್ಪಗ ಹೂಂ ಅಂತೇನಿ," ಎಂದು ಹಿತ್ತಲ ಬಾಗಿಲಿನಿಂದ ಅಡುಗೆ ಮನೆಗೆ ಹೋದಳು. ಸೋಮಲಿಂಗನಿಗೆ ಮುಖ ಉರಿಯುತ್ತಿರುವುದೇ ಮರೆತುಹೋಯಿತು.

ನಡುಮನೆಗೆ ಬಂದಾಗ ರತ್ನವ್ವ ಎದ್ದು ನಿಂತಿದ್ದಳು. "ನಡಿ, ಬಸ್ಸಿಗೆ ಹೊತ್ತಾತು." ಬಾಬಣ್ಣ ಗೋಡೆ ನೋಡುತ್ತಾ ಕೈ ಮುಗಿದ. ಮಗಳನ್ನು ಕಳಿಸಿಕೊಡಬೇಕಲ್ಲ ಎಂಬ ದುಃಖವಿರಬಹುದು ಎಂದುಕೊಂಡ ಸೋಮಲಿಂಗ, ಬಗ್ಗಿ ನಮಸ್ಕಾರ ಮಾಡಿ ಹೊರಟ.

ಬಸ್ಸು ಊರು ಬಿಟ್ಟ ಮೇಲೆ ಅವನು ನಾಚುತ್ತ ಹೇಳಿದ. "ಅವ್ವಾ, ನನಗ ಒಪ್ಪಿಗಿ ಐತಿ. ಆಕಿಗೂ ಐತಂತ."

"ನನಗಿಲ್ಲ," ಎಂದಳು ರತ್ನವ್ವ. "ನೀ ಹಿತ್ತಲಕ್ಕ ಹೋದಾಗನ ಹೇಳಿ ಮುಗಿಸೇನಿ."

"ಏನಂತ?"

"ಕಾಲಿಗೆ ಬೀಳಾಕ ಬಂದಾಗ ಹತ್ತರಲೆ ನೋಡಿದೆ. ಪೌಡರ್ ಹಚ್ಚಿದ್ರ ನನಗ ತಿಳಿಯೂದಿಲ್ಲೇನು? ಗಲ್ಲದ ತುಂಬ ಮೊಡವಿ! ಇಂಥಾ ಮುಖದ ಹುಡುಗಿ ನಮಗ ಬ್ಯಾಡ್ರಿ ಅಂದೆ."

"ನನಗೂ ಅದಾವಲ್ಲವ್ವಾ!"

"ಅದಕ್ಕ ಬ್ಯಾಡ ಅಂದಿದ್ದು. ಮನಿಗೆ ಒಂದು ಸಾಕು."

ಸೋಮಲಿಂಗ ಮೊಬೈಲು ತೆಗೆದು ಬಾಬಣ್ಣನಿಗೆ ಹಚ್ಚಿದ. "ಮಾವಾರ, ಅವ್ವ ಅಂದಿದ್ದು ಮನಸ್ಸಿಗೆ ಹಚ್ಕೋಬ್ಯಾಡ್ರಿ, ನನಗ ಪೂರ್ತಾ ಒಪ್ಪಿಗಿ..."

"ತಮ್ಮಾ, ನಿಂದೇನೂ ತಪ್ಪಿಲ್ಲ," ಎಂದ ಬಾಬಣ್ಣ ತಣ್ಣಗೆ. "ಆದ್ರ ನನ್ನ ಮಗಳನ್ನ ನನ್ನ ಮನ್ಯಾಗನ ಹಂಗ ಅಂದವರ ಕೈಯಾಗ ಕೊಡೂದಿಲ್ಲ. ಆಕಿ ಒಳಗ ಅಳಾಕತ್ತಾಳ. ಇನ್ನ ಫೋನ್ ಮಾಡಬ್ಯಾಡ." ಸೋಮಲಿಂಗ ಮತ್ತೆ ಹಚ್ಚಿದ. ಆ ಕಡೆ ಫೋನೇ ಬಂದ್ ಆಗಿತ್ತು.

ಅವನು ಎದ್ದು ನಿಂತ. "ಕಂಡಕ್ಟರ್, ಗಾಡಿ ನಿಲ್ಲಸ್ರಿ! ನಾ ಬಾದಾಮಿಗೆ ವಾಪಸ್ ಹೋಗ್ತೇನಿ!"

ರತ್ನವ್ವ ಸೆರಗು ಬಾಯಿಗೊತ್ತಿ ದೊಡ್ಡ ಧ್ವನಿ ತೆಗೆದು ಅಳತೊಡಗಿದಳು. ಇಡೀ ಬಸ್ಸು ತಿರುಗಿತು. ಏನು, ಯಾಕೆ ಎಂದು ಯಾರೂ ಕೇಳಲಿಲ್ಲ. ಹೆತ್ತ ತಾಯಿಯನ್ನು ಅಳಿಸುತ್ತೀಯಲ್ಲ ಎಂದು ಹಿಂದಿನ ಸೀಟಿನವನು ಬೈದ. ಕಂಡಕ್ಟರು ಭುಜ ಒತ್ತಿ ಕೂರಿಸಿದ. "ಕುಂಡ್ರಪಾ, ಮನಿಗೆ ಹೋಗಿ ಜಗಳಾಡ್ರಿ. ಇಲ್ಲಿ ಸ್ಟಾಪಿಲ್ಲ." ಸೋಮಲಿಂಗ ಕೂತ. ಕೂತವನಿಗೆ ಮತ್ತೆ ಏಳುವ ಶಕ್ತಿ ಇರಲಿಲ್ಲ.

ಮುಂದಿನ ಸೀಟಿನ ಹೆಂಗಸೊಬ್ಬಳು ತಿರುಗಿ ಕೂತು ರತ್ನವ್ವನಿಗೆ ನೀರು ಕೊಟ್ಟಳು. ತನ್ನ ಹೆಸರು ಶಿವಬಸವ್ವ, ಗುಳೇದಗುಡ್ಡದವಳು ಎಂದಳು. ನಿಧಾನವಾಗಿ ವಿಷಯವೆಲ್ಲ ಕೇಳಿಕೊಂಡಳು. ಹುಡುಗಿಗೆ ಮೊಡವೆ ಎಂದಾಗ ಚ್ಚುಚ್ಚು ಎಂದಳು.

"ಬಿಡ್ರಿ ಯಕ್ಕಾ, ಚಲೋ ಮಾಡಿದ್ರಿ. ನಮ್ಮ ಓಣ್ಯಾಗ ಒಂದು ಹುಡುಗಿ ಐತಿ. ಮುಖಾ ಅಂದ್ರ ಹಾಲು. ಒಂದು ಕಲಿ ಇಲ್ಲ."

ರತ್ನವ್ವನ ಅಳು ನಿಂತಿತು. "ಹೌದೇನ್ರಿ? ನಮ್ಮ ಹುಡುಗಗ ಕೇಳ್ರಲಾ ಮತ್ತ."

ಶಿವಬಸವ್ವ ಆಗ ಸೋಮಲಿಂಗನ ಕಡೆಗೆ ನೋಡಿದಳು. ಹಣೆ ನೋಡಿದಳು, ಮೂಗು ನೋಡಿದಳು, ಗದ್ದ ನೋಡಿದಳು. "ಕೇಳಬಹುದಿತ್ತು ಖರೆ. ಆದ್ರ ಆ ಮಂದಿ, ಹುಡುಗನ ಮುಖದ ಮ್ಯಾಲ ಒಂದು ಮೊಡವಿನೂ ಇರಬಾರದು ಅಂತಾರ್ರಿ."

"ಎಂಥಾ ಮಂದೀರಿ ಇವರು!" ರತ್ನವ್ವ ಸಿಟ್ಟಿನಿಂದ ಸೀಟಿನ ಕಂಬಿಗೆ ಬಡಿದಳು. "ಮನಷ್ಯಾನ ಗುಣಾ ನೋಡೂದ ಬಿಟ್ಟು ಮುಖಾ ನೋಡ್ತಾರಂತ ಮುಖಾ!"

ಸುತ್ತ ಕೂತವರೆಲ್ಲ ಹೌದು ಹೌದು ಎಂದರು.