ಶಿಲಿಂಗು ನುಂಗುವ ಮೀಟರ್ ಸಾಹೇಬರಿಗೆ ಗಜೇಂದ್ರಗಡದ ಪರಪ್ಪನ ತಕರಾರು ಅರ್ಜಿ

ಶ್ರೀಮಾನ್ ಗ್ಯಾಸ್ ಮೀಟರ್ ಸಾಹೇಬರ ಸನ್ನಿಧಿಗೆ,
ಮುಕ್ಕಾಂ: ಮೂಲೆಯ ಗೋಡೆ, ಮೇಲಂತಸ್ತಿನ ಹಿಂದಿನ ಕೋಣೆ, ಮಿಸೆಸ್ ಹಾಲ್ರಾಯ್ಡ್ ಅವರ ಮನೆ, ಲೀಡ್ಸ್ ಶಹರ, ಇಂಗ್ಲಂಡ.
ಜನವರಿ, ೧೯೫೬

ಮಾನ್ಯರೇ,

ರೋಣ ತಾಲೂಕು ಗಜೇಂದ್ರಗಡದ ನೇಕಾರ ಮುದಿಯಪ್ಪನವರ ಮಗನೂ, ಧಾರವಾಡದ ಹಾಸ್ಟೆಲಿನಲ್ಲಿ ಉಂಡು ಮಲಗಿ ಇಂಗ್ಲಿಷನ್ನು ಅರ್ಧಕ್ಕೆ ಕಲಿತವನೂ, ಸದ್ಯ ಇಲ್ಲಿಯ ಕಾಲೇಜಿನಲ್ಲಿ ನೇಯ್ಗೆ ವಿದ್ಯೆಯ ಫಸ್ಟ್ ಇಯರ್ ವಿದ್ಯಾರ್ಥಿಯೂ ಆದ ಪರಪ್ಪನು ಕೈಗವಸು ತೆಗೆಯದೆಯೇ ಕೈಜೋಡಿಸಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. (ಸಾಷ್ಟಾಂಗವೆಂಬುದು ಬರವಣಿಗೆಯಲ್ಲಿ ಮಾತ್ರ, ನೆಲ ಬಹಳ ತಣ್ಣಗಿರುವುದರಿಂದ ಕ್ಷಮೆ ಇರಲಿ.) ಇಲ್ಲಿ ನಾನು ಕ್ಷೇಮ, ಅಂದರೆ ಮೂಗು ಮತ್ತು ಕಾಲ್ಬೆರಳುಗಳನ್ನು ಬಿಟ್ಟು ಉಳಿದದ್ದೆಲ್ಲ ಕ್ಷೇಮ. ತಮ್ಮ ಕ್ಷೇಮವನ್ನು ಕೇಳುವ ಕಾರಣವಿಲ್ಲ. ಇಷ್ಟು ಶಿಲಿಂಗು ಉಂಡವರು ಕ್ಷೇಮವಾಗಿಯೇ ಇರಬೇಕು.

ಈ ಪತ್ರದ ನಕಲನ್ನು ಧಾರವಾಡದ ನಮ್ಮ ಹಾಸ್ಟೆಲಿನ ಗೋಡೆಪತ್ರಿಕೆಗೂ ಕಳಿಸುತ್ತಿರುವುದರಿಂದ, ತಮ್ಮ ದರ್ಶನಭಾಗ್ಯವಿಲ್ಲದ ಅಲ್ಲಿಯ ಗೆಳೆಯರಿಗಾಗಿ ಎರಡು ಮಾತು ಬರೆಯಲು ಅಪ್ಪಣೆಯಾಗಬೇಕು. ತಾವು ತಗಡಿನ ಒಂದು ಪೆಟ್ಟಿಗೆ. ತಮ್ಮ ಹಣೆಯ ಮೇಲೆ ಒಂದು ಸೀಳು. ಆ ಸೀಳಿನೊಳಗೆ ಒಂದು ಶಿಲಿಂಗು ಹಾಕಿ ಕಿವಿ ತಿರುವಿದರೆ, ಕೆಳಗಿರುವ ಗ್ಯಾಸಿನ ಒಲೆಗೆ ಉಸಿರು ಬರುತ್ತದೆ, ಕೋಣೆ ಬೆಚ್ಚಗಾಗುತ್ತದೆ. ಶಿಲಿಂಗು ಜೀರ್ಣವಾದ ಕೂಡಲೇ ಒಲೆ ‘ಫುಸ್ಸ್’ ಎಂದು ಆರುತ್ತದೆ. ಒಂದು ಶಿಲಿಂಗಿಗೆ ಎಷ್ಟು ಉಸಿರು ಬಿಡಬೇಕೆಂಬ ಕಟ್ಟು ಮನೆಯೊಡತಿಯ ಕೈಯಲ್ಲಿದೆ, ಮತ್ತು ಆಕೆ ಆ ಕಟ್ಟನ್ನು ಬಹಳ ಬಿಗಿಯಾಗಿ ಕಟ್ಟಿದ್ದಾಳೆಂದು ನನ್ನ ಸಂಶಯ. ಸಂಶಯ ಮಾತ್ರ, ಸರ್. ಆಪಾದನೆಯೆಂದು ದಯವಿಟ್ಟು ತಿಳಿಯಬಾರದು. ನನಗೆ ಬೇರೆ ಕೋಣೆ ಸಿಗುವುದು ಕಷ್ಟ.

ತಮ್ಮ ಗುಣಗಳನ್ನು ಹೊಗಳದೆ ತಕರಾರಿಗೆ ಇಳಿಯುವುದು ನಮ್ಮ ಕಡೆಯ ಪದ್ಧತಿಯಲ್ಲ. ತಮ್ಮಷ್ಟು ಇಂಪಾರ್ಶಿಯಲ್ ಅಧಿಕಾರಿಯನ್ನು ನಾನು ಈವರೆಗೆ ಕಂಡಿಲ್ಲ. ನನ್ನ ಜೊತೆ ಕೋಣೆ ಹಂಚಿಕೊಂಡಿರುವ ಕೊಣ್ಣೂರಿನ ಅಬ್ದುಲಗನಿ ಬಣ್ಣ ಹಾಕುವ ವಿದ್ಯೆಯಲ್ಲಿ ಎರಡನೆಯ ವರ್ಷದವನು, ನನಗಿಂತ ಸೀನಿಯರ್. ಆದರೂ ತಾವು ಅವನಿಗೆ ಒಂದು ನಿಮಿಷವನ್ನೂ ಹೆಚ್ಚಿಗೆ ಕೊಟ್ಟವರಲ್ಲ. ಅವನು ಬಿಸ್ಮಿಲ್ಲಾ ಎಂದು ಹಾಕಲಿ, ನಾನು ಬನಶಂಕರಿ ತಾಯಿ ಎಂದು ಹಾಕಲಿ, ತಾವು ಇಬ್ಬರನ್ನೂ ಒಂದೇ ಹೊತ್ತಿಗೆ ಥಂಡಿಗೆ ಒಪ್ಪಿಸುತ್ತೀರಿ. ಇಂಥ ಸಮದೃಷ್ಟಿ ಋಷಿಗಳಿಗೂ ಸಿಕ್ಕಿರಲಾರದು.

ದೀಪಾವಳಿ ಅಮಾವಾಸ್ಯೆಯ ಆ ಸಂಜೆಯಂತೂ ತಮಗೂ ನೆನಪಿರಬಹುದು. ಊರಿನಿಂದ ನಮ್ಮ ಅವ್ವ ಅರಿಶಿನದ ಪುಡಿ ಕಳಿಸಿ, ಲಕ್ಷ್ಮೀಪೂಜೆ ತಪ್ಪಿಸಬೇಡವೆಂದು ಬರೆಸಿದ್ದಳು. ಇಲ್ಲಿ ಲಕ್ಷ್ಮಿಯ ಪಟ ಎಲ್ಲಿಂದ ತರಲಿ? ಒಂದು ಶಿಲಿಂಗಿಗೆ ಅರಿಶಿನವನ್ನು ಗಟ್ಟಿಯಾಗಿ ಮೆತ್ತಿ, ಬಸಿಯಲ್ಲಿಟ್ಟು, ಸಕ್ಕರೆಯ ನೈವೇದ್ಯ ತೋರಿಸಿ, ಕಣ್ಣು ಮುಚ್ಚಿ ಕೈಮುಗಿದೆ. ಕಣ್ಣು ತೆರೆಯುವಷ್ಟರಲ್ಲಿ ತಾವು ‘ಫುಸ್ಸ್’ ಎಂದಿರಿ. ಕೋಣೆಯಲ್ಲಿ ಬೇರೆ ಶಿಲಿಂಗು ಇರಲಿಲ್ಲ. ಭಕ್ತಿಗೂ ಥಂಡಿಗೂ ಸ್ವಲ್ಪ ಹೊತ್ತು ಜಗ್ಗಾಟ ನಡೆಯಿತು. ಅಬ್ದುಲಗನಿ ನಮ್ಮ ಅವ್ವ ಹೊಲಿದುಕೊಟ್ಟ ಕೌದಿಯೊಳಗಿಂದ ಮೂಗಷ್ಟೇ ಹೊರಹಾಕಿ, “ಹಾಕಲೇ ಪರ್‍ಯಾ, ಲಕ್ಷ್ಮಿ ಏನ್ ಸಿಟ್ಟಾಗಾಂಗಿಲ್ಲ. ಆಕಿಗೂ ಥಂಡಿ ಹತ್ತಿರ್ತೈತಿ” ಎಂದ. ಹಾಕಿದೆ. ತಾವು ಪೂಜೆಯದು, ಖರ್ಚಿನದು ಎಂಬ ಭೇದ ನೋಡದೆ ಅದನ್ನೂ ನುಂಗಿದಿರಿ. ಲಕ್ಷ್ಮಿಯನ್ನೇ ಒಲೆಗೆ ಹಾಕಿದ ಪಾಪ ಹತ್ತೀತೆಂದು ಅಂದಿನಿಂದ ನನಗೆ ಒಂದು ಭಯ ಕಾಡುತ್ತಲೇ ಇದೆ, ಇದನ್ನು ಅವ್ವನಿಗೆ ಬರೆದಿಲ್ಲ. ಗೋಡೆಪತ್ರಿಕೆಯ ಗೆಳೆಯರೂ ದಯವಿಟ್ಟು ಗಜೇಂದ್ರಗಡದ ಸಂತೆಯಲ್ಲಿ ಆಡಬಾರದು.

ಇನ್ನು ಮುಖ್ಯ ತಕರಾರು. ಕ್ರಿಸ್‌ಮಸ್ ಸೂಟಿಯಲ್ಲಿ ನಮ್ಮ ಪ್ರೊಫೆಸರರು ಒಂದು ನಕ್ಷೆ ಬರೆದು ತರಲು ಹೇಳಿದ್ದರು: ಪ್ರತಿಯೊಬ್ಬನೂ ತನ್ನ ನಾಡಿನ ನೇಯ್ಗೆಯ ಮಾದರಿಯನ್ನು ಚೌಕಳಿ ಕಾಗದದ ಮೇಲೆ ಬಣ್ಣದಿಂದ ತುಂಬಿ, ಜನವರಿ ಎರಡರ ಸೋಮವಾರ ಮುಂಜಾನೆ ಒಪ್ಪಿಸಬೇಕು, ಒಪ್ಪಿಸದವನ ಹೆಸರನ್ನು ಸ್ಕಾಲರ್‌ಶಿಪ್ ಕೊಟ್ಟವರಿಗೆ ಬರೆದು ತಿಳಿಸಲಾಗುವುದು. ನನ್ನದು ಸ್ಕಾಲರ್‌ಶಿಪ್ಪಿನ ಅನ್ನ. ಅದು ನಿಂತರೆ ಹಡಗು ಹತ್ತಬೇಕು, ಹಡಗು ಇಳಿದರೆ ನಮ್ಮ ಅಪ್ಪನ ಎದುರು ನಿಲ್ಲಬೇಕು. ನಾನು ಆರಿಸಿಕೊಂಡದ್ದು ನಮ್ಮ ಸೀರೆಯ ಸೆರಗಿನ ಮೇಲೆ ಜೋಳದ ತೆನೆಯಂತೆ ನೆಟ್ಟಗೆ ನಿಲ್ಲುವ ಕೆಂಪು ಬಿಳಿ ತೆನೆಗಳನ್ನು. ಆ ಕಾಗದದ ಒಂದೊಂದು ಚೌಕವೂ ಒಂದೊಂದು ಎಳೆ. ಒಂದು ಚೌಕ ಕೆಟ್ಟರೆ ಸೆರಗೇ ಕೆಟ್ಟಂತೆ. ತಮ್ಮ ಕೃಪೆಯಿಂದ ಮರಗಟ್ಟಿದ ಬೆರಳುಗಳಲ್ಲಿ ನಾನು ಬರೆದ ಮೊದಲ ತೆನೆ ಒಂಟೆಯ ಬೆನ್ನಿನಂತೆ ಡುಬ್ಬಾಯಿತು, ಎರಡನೆಯದು ಬಗ್ಗಿ ಮೊದಲನೆಯದರ ಕಿವಿಯಲ್ಲಿ ಗುಟ್ಟು ಹೇಳತೊಡಗಿತು. ಬಣ್ಣದ ಬಟ್ಟಲಲ್ಲಿ ನೀರು ಕೂಡ ಹೆಪ್ಪುಗಟ್ಟುವ ವಿಚಾರದಲ್ಲಿತ್ತು.

ಇದಕ್ಕೆ ಪರಿಹಾರವಾಗಿ ತಮ್ಮಲ್ಲಿ ಒಂದು ನಮ್ರ ವಿನಂತಿ. ನಮ್ಮ ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ವೈಶಾಖದ ಬಿಸಿಲು ಸಂಪೂರ್ಣ ಪುಕ್ಕಟೆ. ನರಗುಂದದ ಗುಡ್ಡದ ಬಂಡೆಯ ಮೇಲೆ ಮಧ್ಯಾಹ್ನ ಬರಿಗಾಲಿಟ್ಟವನು ಯಾರ ಅಪ್ಪಣೆಯೂ ಇಲ್ಲದೆ ಕುಣಿಯುತ್ತಾನೆ. ಅಷ್ಟೊಂದು ಶಾಖ ಅಲ್ಲಿ ಯಾವ ಮೀಟರೂ ಇಲ್ಲದೆ ಅನ್ಯಾಯವಾಗಿ ಹಾಳಾಗುತ್ತಿದೆ. ತಾವು ಕೈಂಡ್ಲಿ ಮನಸ್ಸು ಮಾಡಿ, ಆ ಗುಡ್ಡದಿಂದ ಈ ಕೋಣೆಯವರೆಗೆ ಒಂದು ಕೊಳವೆ ಹಾಕಿಸಬೇಕು. ಬದಲಿಗೆ ಇಲ್ಲಿಯ ಥಂಡಿಯನ್ನು ಅದೇ ಕೊಳವೆಯಲ್ಲಿ ವಾಪಸು ಬಿಟ್ಟರೆ ನಮ್ಮ ಅಪ್ಪ ಬೇಸಿಗೆಯಲ್ಲಿ ಬೆವರು ಒರೆಸಿಕೊಳ್ಳದೆ ಲಾಳಿ ಎಸೆದಾನು. ಅದಾಗದಿದ್ದರೆ ಶಿಲಿಂಗಿನ ಬದಲು ಜೋಳವನ್ನಾದರೂ ಸ್ವೀಕರಿಸಬೇಕು. ಜೋಳವೂ ಬೇಡವೆಂದರೆ, ಕನಿಷ್ಠ ಪಕ್ಷ ಆರುವ ಮುನ್ನ ಒಮ್ಮೆ ಕೆಮ್ಮಿ ಸೂಚನೆ ಕೊಡಬೇಕು. ದೊಡ್ಡವರು ಪಡಸಾಲೆಗೆ ಬರುವಾಗ ನಮ್ಮಲ್ಲಿ ಅಷ್ಟನ್ನಾದರೂ ಮಾಡುತ್ತಾರೆ.

ಈಗ ಜನವರಿ ಒಂದರ ಸಂಗತಿ. ಅದು ಆದಿತ್ಯವಾರ, ಅಂಗಡಿಗಳೆಲ್ಲ ಬಂದ್. ಹಿಂದಿನ ದಿನವಷ್ಟೇ ಮಿಸೆಸ್ ಹಾಲ್ರಾಯ್ಡ್ ಕೀಲಿಕೈ ತಂದು, ಮೂರು ತಿಂಗಳಿಂದ ತಾವು ಉಂಡದ್ದನ್ನೆಲ್ಲ ಒಂದು ಚೀಲಕ್ಕೆ ಸುರುವಿಕೊಂಡು, ಆ ಚೀಲವನ್ನು ಹೊಟ್ಟೆಗೆ ಅವಚಿಕೊಂಡೇ ತಂಗಿಯ ಮನೆಗೆ ಹೋಗಿದ್ದಳು. ನನ್ನ ಹತ್ತಿರ ಅರ್ಧ ಕ್ರೌನಿನ ಒಂದೇ ನಾಣ್ಯ. ಎರಡೂವರೆ ಶಿಲಿಂಗಿನ ಮರ್ಯಾದಸ್ಥ ನಾಣ್ಯ ಅದು. ಆದರೆ ತಮ್ಮ ಸೀಳಿನಲ್ಲಿ ಹೋಗದು. ಕೈಯಲ್ಲಿ ರೊಕ್ಕವಿದ್ದೂ ಥಂಡಿಯಲ್ಲಿ ಕೂಡುವ ಈ ಶ್ರೀಮಂತಿಕೆ ನನಗೆ ಹೊಸದು. ನಕ್ಷೆ ಅರ್ಧಕ್ಕೆ ನಿಂತಿದೆ, ಒಪ್ಪಿಸುವುದು ನಾಳೆ.

ಆಗ ನಮ್ಮ ಅಜ್ಜಿ, ಆಯಿ ತಿಪ್ಪವ್ವನ ನೆನಪಾಯಿತು. ನಮ್ಮ ಮನೆಯಲ್ಲಿ ಬೆಂಕಿಪೆಟ್ಟಿಗೆ ದೇವರ ಮಾಡದಲ್ಲಿರುವ ಒಡವೆಯಂತೆ. ದಿನದ ಒಲೆಗೆ ಬೆಂಕಿ ಬರುವುದು ನೆರೆಮನೆಯಿಂದ. ಆಯಿ ಒಂದು ಕುಳ್ಳಿನ ತುಂಡು ಹಿಡಿದು ಖತೀಜಾಬಿಯ ಬಾಗಿಲಿಗೆ ಹೋಗಿ, “ಒಂದೀಟ ಬೆಂಕಿ ಕೊಡವಾ” ಎನ್ನುವಳು, ಆಕೆ, “ತಗೋ ಎವ್ವಾ, ಬೆಂಕಿಗೇನ್ ಬರ ಬಂದೈತೇನು?” ಎಂದು ಕುಳ್ಳಿನ ಮೇಲೆ ಕೆಂಡ ಇಡುವಳು. ಯಾರೂ ಅದನ್ನು ಅಳೆದವರಿಲ್ಲ. ಲೀಡ್ಸಿನಲ್ಲಿಯೂ ನೆರೆಮನೆಗಳಿವೆ, ಅಲ್ಲಿ ಕಲ್ಲಿದ್ದಲಿನ ಒಲೆಗಳಿವೆ, ಧೂಮ ಕಣ್ಣಿಗೆ ಕಾಣುತ್ತಿದೆ. ಇಷ್ಟು ಸರಳ ಉಪಾಯ ಮೊದಲೇ ಹೊಳೆಯಲಿಲ್ಲವಲ್ಲ ಎಂದು ಹಣೆ ಬಡಿದುಕೊಂಡೆ. ಬಿಸ್ಕೀಟಿನ ಹಳೆಯ ಡಬ್ಬಿಗೆ ಕೆಂಡ ತುಂಬಿ ಶೆಗಡಿ ಮಾಡಿ ಕಾಲ ಸಂದಿಯಲ್ಲಿಟ್ಟುಕೊಂಡರೆ ನಕ್ಷೆ ಮುಗಿದೀತೆಂದು ಲೆಕ್ಕ ಹಾಕಿ, ಜಿನೆಯ ಮೆಟ್ಟಿಲ ಕೆಳಗಿನ ಕಬ್ಬಿಣದ ಸಲಿಕೆ ಹಿಡಿದು, ಪಕ್ಕದ ಮನೆಯ ಮುದುಕಿ ಮಿಸೆಸ್ ಬೂತ್ ಅವರ ಬಾಗಿಲು ಬಡಿದೆ. ಹಿಂದಿನಿಂದ ಅಬ್ದುಲಗನಿ ಕೌದಿಯೊಳಗಿಂದಲೇ, “ಕೆಂಡ ಸಿಕ್ರ ಎರಡು ಬದನಿಕಾಯಿನೂ ಇಸ್ಕೊಂಡ್ ಬಾ, ಸುಟ್ಟು ತಿನ್ನೂಣು” ಎಂದು ಕೂಗಿದ.

ಮಿಸೆಸ್ ಬೂತ್ ಆಡಿದ್ದು ಇಂಗ್ಲಿಷೇ. ಆದರೆ ಈ ಕಡೆಯ ಮುದುಕಿಯರು ನಮ್ಮವರ ಹಾಗೆಯೇ ಅರ್ಧ ಶಬ್ದ ನುಂಗಿ ಮಾತಾಡುವುದರಿಂದ ಅದು ನನ್ನ ಕಿವಿಗೆ ಹೇಗೆ ಬಿತ್ತೋ ಹಾಗೆ ಬರೆಯುತ್ತೇನೆ. ನಾನು ಸಲಿಕೆ ಚಾಚಿ, “ಸ್ವಲ್ಪ ಬೆಂಕಿ ಕೊಡುವಿರಾ?” ಎಂದೊಡನೆ ಆಕೆ ಎದೆಗೆ ಕೈಹಚ್ಚಿಕೊಂಡು, “ಅಯ್ಯ ನನ್ನ ಕಂದಾ! ವರ್ಷದ ಮೊದಲ್ನೇ ದಿನಾ ಮನಿ ಬೆಂಕಿ ಹೊರಗ ಕೊಡ್ತಾರೇನು? ಮನಿ ಲಕ್ಷಣಾನ ಹೋಗಿಬಿಡತೈತಿ!” ಎಂದಳು. ನನಗೆ ಆಶ್ಚರ್ಯಕ್ಕಿಂತ ನಾಚಿಕೆಯಾಯಿತು. ನಮ್ಮ ಆಯಿಯೂ ಶುಕ್ರವಾರ ದೀಪ ಹಚ್ಚಿದ ಮೇಲೆ ಬೆಂಕಿ ಕೊಡುವವಳಲ್ಲ. ಸಾರಿ ಎಂದು ತಿರುಗಿದೆ. “ನಿಲ್ಲ, ನಿಲ್ಲ. ಟೊಪಿಗಿ ತೆಗಿ ನೋಡೂಣು” ಎಂದಳು. ತೆಗೆದೆ. “ಖರೇನ ಕರೀ ಕೂದಲಾ! ಏ ಇವನ, ನೀ ನಮ್ಮನಿಗಿ ಹೊಸ ವರ್ಷದ ಮೊದಲ್ನೇ ಕಾಲು ಇಡಬಾರದ್ಯಾಕ?”

ಸಂಗತಿ ಹೀಗಿದೆ. ಈ ಸೀಮೆಯಲ್ಲಿ ಹೊಸ ವರ್ಷದ ದಿನ ಕರಿಗೂದಲಿನ ಗಂಡಸು, ಕೈಯಲ್ಲಿ ಕಲ್ಲಿದ್ದಲು ಹಿಡಿದು, ಎಲ್ಲರಿಗಿಂತ ಮೊದಲು ಹೊಸ್ತಿಲು ದಾಟಿ ಬಂದರೆ ಆ ಮನೆಗೆ ವರ್ಷವಿಡೀ ಸುಖ, ಒಲೆಗೆ ಕೊರತೆಯಿಲ್ಲ. ಹೆಂಗಸು ಮೊದಲು ಬಂದರೆ ಕೇಡು, ಕೆಂಪುಗೂದಲಿನ ಹೆಂಗಸು ಬಂದರೆ ಕೇಳಲೇ ಬೇಡಿ. ಆ ಓಣಿಯಲ್ಲಿ ಇದ್ದವರೆಲ್ಲ ಗೋದಿ ಬಣ್ಣದ, ಬೂದಿ ಬಣ್ಣದ ಕೂದಲಿನವರು. ಇದೇ ಕರಿಬಣ್ಣವನ್ನು ನೋಡಿ ಸಪ್ಟೆಂಬರಿನಲ್ಲಿ ‘ಕೋಣೆ ಖಾಲಿ ಇಲ್ಲ’ ಎಂದು ನನ್ನೆದುರು ಬಾಗಿಲು ಹಾಕಿಕೊಂಡ ಮನೆಗಳು ಈ ಓಣಿಯಲ್ಲಿಯೂ ಉಂಟು. ಜನವರಿಯ ಮೊದಲ ಮುಂಜಾನೆ ಅವೇ ಬಾಗಿಲುಗಳಲ್ಲಿ ಮುದುಕಿಯರು ನಿಂತು, “ನಮ್ಮನಿಗಿ ಮೊದಲ ಬಾ, ತಮ್ಮಾ” ಎಂದು ಕೈಬೀಸುತ್ತಿದ್ದರು. ಮಿಸೆಸ್ ಬೂತ್ ಸಲಿಕೆಗೆ ಕಲ್ಲಿದ್ದಲು ಹಾಕಿ ನನ್ನನ್ನು ಮನೆಮನೆಗೂ ನಡೆಸಿದಳು. ಹೋದಲ್ಲೆಲ್ಲ ಕೇಕು, ಚಹಾ, ಉರಿಯುವ ಒಲೆಯ ಎದುರು ಕುರ್ಚಿ. ನಾನೂ ಪ್ರತಿ ಹೊಸ್ತಿಲಲ್ಲಿ, ಏನಾದರೂ ತಪ್ಪಾದೀತೆಂಬ ಹೆದರಿಕೆಯಿಂದ, ಬಲಗಾಲನ್ನೇ ಮುಂದಿಟ್ಟೆ.

ಓಣಿಯ ಕೊನೆಯಿಂದ ಮರಳುವಾಗ ನೋಡುತ್ತೇನೆ, ನಮ್ಮ ಮನೆಯ ಬಾಗಿಲ ಹೊರಗೆ ಮಿಸೆಸ್ ಹಾಲ್ರಾಯ್ಡ್ ನಿಂತಿದ್ದಾಳೆ. ತಂಗಿಯ ಮನೆಯಿಂದ ಬಂದಿದ್ದಾಳೆ, ಕೈಯಲ್ಲಿ ಕೀಲಿಯಿದೆ, ಹೊಟ್ಟೆಗೆ ಅವಚಿದ ಚೀಲವಿದೆ, ಆದರೆ ಒಳಗೆ ಹೋಗುತ್ತಿಲ್ಲ. ಸಾಹೇಬರೇ, ತಮ್ಮ ಒಡತಿಯ ಕೂದಲು ಕೆಂಪು! ತನ್ನ ಮನೆಗೆ ತಾನೇ ಕೇಡು ತರಲಾರದೆ, ಗಾಳಿಯಲ್ಲಿ ನಿಂತು ಹಲ್ಲು ಕಟಕಟಿಸುತ್ತಾ, “ಲಗೂ ಬಾರೋ ತಮ್ಮಾ, ನಾ ಸೆಟದು ಹೋದ್ನಿ!” ಎಂದು ಕೂಗುತ್ತಿದ್ದಳು. ಮೇಲಿನ ಕಿಡಕಿ ತೆರೆಯಿತು, ಕೌದಿ ಹೊದ್ದ ಅಬ್ದುಲಗನಿಯ ತಲೆ ಹೊರಬಂದು ಅಚ್ಚ ಕನ್ನಡದಲ್ಲಿ, “ಲೇ ಪರ್‍ಯಾ, ಲಗೂ ಬರಬ್ಯಾಡ! ಸಾವಕಾಶ ಬಾ! ಥಂಡಿ ಅಂದ್ರ ಹೆಂಗಿರತೈತಿ ಅಂತ ಆಕಿಗೂ ಒಂದೀಟ ತಿಳೀಲಿ!” ಎಂದಿತು. “ಅಂವಾ ಏನಂತಾನ?” ಎಂದು ಆಕೆ ಕೇಳಿದಳು. “ಹೊಸ ವರ್ಷದ ಶುಭಾಶಯ ಹೇಳುತ್ತಿದ್ದಾನೆ” ಎಂದೆ. ಬೂಟಿನ ಲೇಸು ಕಟ್ಟಿಕೊಳ್ಳಲು ನಾನು ಒಂದು ಸಲ ಬಗ್ಗಿದ್ದು ನಿಜ. ಎರಡನೆಯ ಬೂಟಿಗೆ ಬಗ್ಗಲು ಮನಸ್ಸಾಗಲಿಲ್ಲ. ಆಕೆಯ ಮೂಗು ನನ್ನ ಮೂಗಿನಷ್ಟೇ ಕೆಂಪಾಗಿತ್ತು. ಓಡಿಹೋಗಿ ಬಲಗಾಲಿಟ್ಟು ಒಳಗೆ ನಡೆದೆ. ಮೊದಲ ಕಾಲಿಟ್ಟವನಿಗೆ ನಾಣ್ಯ ಕೊಡಲೇಬೇಕೆಂಬ ರೂಢಿಯಂತೆ ಆಕೆ ಆ ಚೀಲದ ಬಾಯಿ ಬಿಚ್ಚಿ, ಒಂದು ಶಿಲಿಂಗು ತೆಗೆದು ನನ್ನ ಅಂಗೈಯಲ್ಲಿಟ್ಟಳು. ನಾನು ನೋಡದೆಯೇ ಕಿಸೆಗೆ ಹಾಕಿಕೊಂಡೆ.

ನಕ್ಷೆಯನ್ನು ಆ ಸಂಜೆ ಮಿಸೆಸ್ ಬೂತ್ ಅವರ ಒಲೆಯ ಎದುರು ಮುಗಿಸಿದೆ. ಬೆಂಕಿ ಹೊರಗೆ ಹೋಗಬಾರದೇ ಹೊರತು ನಕ್ಷೆ ಒಳಗೆ ಬರಬಾರದೆಂದು ಯಾವ ರೂಢಿಯೂ ಇಲ್ಲವೆಂದು ಆಕೆಯೇ ಮೇಜು ತೆರವು ಮಾಡಿಕೊಟ್ಟಳು. ತೆನೆಗಳು ನೆಟ್ಟಗೆ ನಿಂತವು. ಸೋಮವಾರ ಪ್ರೊಫೆಸರರು ಅದನ್ನು ಬಹಳ ಹೊತ್ತು ನೋಡಿ, ವೆರಿ ಗುಡ್ ಎಂದು, ಮೂಲೆಯಲ್ಲಿರುವ ಕಪ್ಪು ಹೆಬ್ಬೆರಳಿನ ಗುರುತು ಏನನ್ನು ಸೂಚಿಸುತ್ತದೆಂದು ಕೇಳಿದರು. ಕಲ್ಲಿದ್ದಲೆಂದು ಹೇಳಲು ಧೈರ್ಯವಾಗದೆ ಸಂಪ್ರದಾಯವೆಂದೆ. ಅವರು ಬರೆದುಕೊಂಡರು. ಸ್ಕಾಲರ್‌ಶಿಪ್ಪು ಸದ್ಯಕ್ಕೆ ಕ್ಷೇಮ.

ಆದ್ದರಿಂದ ಮಾನ್ಯರೇ, ಈ ಚಳಿಗಾಲವೆಲ್ಲ ತಮ್ಮ ಹಸಿವು ಹೀಗೆಯೇ ಇರಲೆಂದು ಹಾರೈಸಿ, ಕೊಳವೆಯ ವಿಷಯದಲ್ಲಿ ಶೀಘ್ರ ಉತ್ತರವನ್ನು ನಿರೀಕ್ಷಿಸುತ್ತಾ, ಆರಿದಾಗಲೂ ಉರಿದಾಗಲೂ

ತಮ್ಮ ವಿಶ್ವಾಸಿ,
ಪರಪ್ಪ ಮುದಿಯಪ್ಪ, ಗಜೇಂದ್ರಗಡ

ತಾ.ಕ.: ಮಿಸೆಸ್ ಹಾಲ್ರಾಯ್ಡ್ ಕೊಟ್ಟ ಶಿಲಿಂಗನ್ನು ಹೋದ ವಾರ ತಮ್ಮ ಸೀಳಿಗೆ ಹಿಡಿದಾಗ ನೋಡಿದೆ: ಅದರ ಮೇಲಿನ ಹಿಂದಿನ ರಾಜರ ಕಿವಿಯ ಸಂದಿಯಲ್ಲಿ ನಮ್ಮ ಅವ್ವನ ಅರಿಶಿನ ಹಾಗೆಯೇ ಇದೆ. ತಾವು ನುಂಗಿ ಉಳಿಸಿಕೊಳ್ಳಲಾರದೆ ಹೋದದ್ದು ಇದೊಂದೇ ಇರಬೇಕು. ನನ್ನ ಮೇಲೆ ನನಗೆ ನಂಬಿಕೆ ಇಲ್ಲದ್ದರಿಂದ ಅದನ್ನು ಕೌದಿಯ ಮೂಲೆಯೊಳಗಿಟ್ಟು ಹೊಲಿದಿದ್ದೇನೆ. ಇಡೀ ಕೋಣೆಯಲ್ಲಿ ಆ ಮೂಲೆಯೇ ಎಲ್ಲಕ್ಕಿಂತ ಬೆಚ್ಚಗಿದೆಯೆಂದು ಅಬ್ದುಲಗನಿ ಆಣೆ ಮಾಡಿ ಹೇಳುತ್ತಾನೆ, ಮತ್ತು ಅದಕ್ಕಾಗಿ ನಾವಿಬ್ಬರೂ ದಿನಾಲು ಜಗಳಾಡುತ್ತೇವೆ. ಒಂದೇ ಶಿಲಿಂಗು, ಇಷ್ಟು ದಿನ ಆರದೆ ಹೇಗೆ ನಡೆಯುತ್ತಿದೆಯೆಂಬುದನ್ನು ತಾವು ಬಿಡುವಾದಾಗ ಬಂದು ಅಳೆದುಕೊಂಡು ಹೋಗಬಹುದು.