ಮಾವನ ರ‍್ಯಾಮ್ ಖರೀದಿ

ನಮ್ಮ ಸೋದರಮಾವನಷ್ಟು ತಾಳ್ಮೆಯ ಮನುಷ್ಯ ಇಡೀ ಬಸವಕಲ್ಯಾಣದಲ್ಲಿ ಸಿಗಲಾರ. ಆದರೆ ಆ ತಾಳ್ಮೆಯೆಲ್ಲ ಯಂತ್ರಗಳಿಗೆ ಮೀಸಲು, ಮನುಷ್ಯರಿಗೆ ಬರೀ ಗದರಿಕೆ! ಬಸ್ಸು ಓಡಿಸಿ ನಿವೃತ್ತನಾದವನಲ್ಲವೇ? ಮನೆಯ ಹಳೆಯ ಕಂಪ್ಯೂಟರಿನ ಗುಂಡಿ ಒತ್ತಿ ಸ್ನಾನಕ್ಕೆ ಹೋಗುತ್ತಾನೆ. ಮೈ ಒರೆಸಿಕೊಂಡು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. “ಗರಂ ಆಗ್ಲಿ ಬಿಡು, ಇಂಜಿನ್ ಥಂಡಿ ಅದ” ಎಂದು ಚಹಾಕ್ಕೆ ಕೂರುತ್ತಾನೆ.

ಅಂಥವನು ಒಂದು ದಿನ ನನಗೆ ಫೋನು ಮಾಡಿ, “ಇದು ಇನ್ನ ನಡ್ಯಾಂಗಿಲ್ಲವ್ವಾ, ಜಲ್ದಿ ಬಾ” ಎಂದಾಗ ಗಾಬರಿಯಾಯಿತು. ಹೋಗಿ ಬಿಚ್ಚಿ ನೋಡಿದೆ. ಉಳಿದದ್ದೆಲ್ಲ ನೆಟ್ಟಗಿದೆ, ರ‍್ಯಾಮ್ ಮಾತ್ರ ಎರಡೇ ಜಿಬಿ.

“ಮಾವ, ಕೆಲ್ಸ ಮಾಡೂವಾಗ ಎಲ್ಲಾ ಇದ್ರಾಗ ಕೂಡ್ತದ. ಜಾಗ ಸಾಲವಲ್ದು.”

“ಅಂದ್ರ ಸೀಟು ಕಮ್ಮಿ, ಮಂದಿ ಭಾಳ. ಮುಂದ?”

ನನ್ನ ಪಾಠ ಅಲ್ಲಿಗೇ ಮುಗಿಯಿತು! ಹೊಸ ಕಂಪ್ಯೂಟರನ್ನೇ ಕೊಳ್ಳೋಣವೆಂದೆ. “ಸೀಟು ಕಮ್ಮಿ ಬಿದ್ರ ಬಸ್ ಗುಜರಿಗೆ ಹಾಕ್ತಾರೇನು?” ಎಂದು ಗದರಿದ.

ಮರುದಿನ ರ‍್ಯಾಮ್ ತರಲು ಹುಮನಾಬಾದಿಗೆ ಹೊರಟೆವು. ಹಳೆಯ ರ‍್ಯಾಮಿನ ಫೋಟೋ ಸಾಕೆಂದರೂ ಕೇಳದೆ, ಮಾವ ಕಂಪ್ಯೂಟರಿನ ಡಬ್ಬಿಯನ್ನೇ ಚಾದರಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡ. ಪಕ್ಕದ ಅಜ್ಜಿ ಮರುಗಿದಳು: “ಕೂಸಿಗೆ ಏನಾಗ್ಯಾದ್ರಿ?”

“ಭಾಳ ಮಂದ ಅದ್ರಿ. ತೋರಿಸ್ಲಾಕ ಒಯ್ಯಾಕತ್ತೇನಿ.”

ಅಜ್ಜಿ ಚಾದರಿನ ಮೇಲೆಯೇ ಕೈಯಿಟ್ಟು ಹರಸಿದಳು!

ಅಂಗಡಿಯವನು ಹೊಸದು, ಎಂಟು ಜಿಬಿಯದು ತೋರಿಸಿದ. “ತಗೋರಿ ಕಾಕಾ, ಬಿರ್ರನ ಓಡ್ತದ.”

“ಇದೇನು ರೇಸಿಗೆ ಹೋಗ್ತದೇನ್ರಿ? ಹಳೇದು ಇದ್ರ ತೆಗೀರಿ.”

ಆಗ ಡ್ರಾಯರಿನಿಂದ ಬಂತು, ಯಾರೋ ಬಳಸಿ ಬಿಟ್ಟ ನಾಲ್ಕು ಜಿಬಿಯ ರ‍್ಯಾಮ್. ನಮ್ಮದೇ ಜಾತಿಯದು, ಹೊಸದರ ಅರ್ಧಕ್ಕೂ ಕಡಿಮೆ ಬೆಲೆ. ಮಾವನಿಗೊಂದು ಸಂಶಯ.

“ಮೊದ್ಲಿನವ್ರ ನೆನಪು ಇದ್ರಾಗ ಉಳದಿರ್ತಾವೇನ್ರಿ?”

“ಇಲ್ರಿ. ಕರೆಂಟ್ ಹೋತಂದ್ರ ಎಲ್ಲಾ ಮರೀತದ.”

“ಹಂಗಾರ ನಮ್ಮ ಬೀಗರಿಗೂ ಒಂದು ಕೂಡಸ್ರಿ!”

ಕೂಡಿಸಿದ್ದು ಕಂಪ್ಯೂಟರಿಗೆ ಮಾತ್ರ. ಮಾವ ಅಲ್ಲಿಯೇ ಇದ್ದಬದ್ದದ್ದನ್ನೆಲ್ಲ ಒಟ್ಟಿಗೇ ತೆರೆದು, ಎಲ್ಲಿಯೂ ನಿಲ್ಲದೆ ಓಡಿದ್ದನ್ನು ಕಂಡ ಮೇಲೆಯೇ ಜೇಬಿಗೆ ಕೈ ಹಾಕಿದ.

ಸಂಜೆ ಮನೆಗೆ ಬಂದವನೇ ತಲೆ ಬಾಚಿಕೊಂಡು ಕಂಪ್ಯೂಟರಿನ ಕ್ಯಾಮೆರಾದ ಮುಂದೆ ಕೂತ. ಪರದೆಯ ಮೇಲೆ ಪುಣೆಯಿಂದ ದೊಡ್ಡಮ್ಮನ ಮುಖ ಮೂಡಿತು. ಮಾವನ ಅಕ್ಕ ಅವಳು. ಕಾಲು ಮುರಿದುಕೊಂಡು ಮಗಳ ಮನೆಯಲ್ಲಿ ಮಲಗಿದ್ದಾಳೆ. ಅವಳಿಗೆ ಎಷ್ಟೋ ವರ್ಷಗಳಿಂದ ಕಿವಿ ಕೇಳುವುದಿಲ್ಲ; ಎದುರಿನವರ ತುಟಿ ನೋಡಿಯೇ ಮಾತು ತಿಳಿಯುತ್ತಾಳೆ. ಇಷ್ಟು ದಿನ ಮಾವನ ಮುಖ ಪರದೆಯ ಮೇಲೆ ನಿಂತು ನಿಂತು ಹೋಗುತ್ತಿದ್ದರೆ ಅವಳಿಗೆ ತಿಳಿಯುವುದೇನು? ಈ ಅವಸರ ಯಾಕೆಂದು ನನಗೆ ಆಗ ಅರ್ಥವಾಯಿತು.

ಮಾವ ಒಂದೊಂದೇ ಅಕ್ಷರಕ್ಕೆ ತುಟಿ ಅಗಲಿಸಿ, ಸದ್ದಿಲ್ಲದೆ ಕೇಳಿದ: “ಅಕ್ಕಾ... ಊಟ... ಆತೇನು?”

“ಆತಪ್ಪಾ,” ದೊಡ್ಡಮ್ಮ ನಕ್ಕಳು. “ನೀ ಯಾಕ ಇಷ್ಟು ಸೊರಗೀದಿ?”

ಮಾವ ಕಣ್ಣೊರೆಸಿಕೊಳ್ಳಲು ಅತ್ತ ತಿರುಗಿದ. ಅಕ್ಕನಿಗೆ ತುಟಿ ಕಾಣುವುದಿಲ್ಲವೆಂದು ಹೊಳೆದು ಕೂಡಲೇ ಇತ್ತ ತಿರುಗಿ, ಒದ್ದೆಗಣ್ಣಿನಲ್ಲೇ ಮಾತು ಮುಂದುವರಿಸಿದ.